ದೇವರ ಮನೆಯ ಎಮ್ಮೆ

ನಮ್ಮ ಮಾವ ಲಿಂಗಪೂಜೆಗೆ ಕೂತರೆಂದರೆ ಮನೆಯಲ್ಲಿ ಯಾರೂ ಅವರನ್ನು ಕರೆಯುವಂತಿಲ್ಲ. ನಾನು ಮದುವೆಯಾಗಿ ಚಿಕ್ಕಲಸಂದ್ರದ ಈ ಮನೆಗೆ ಬಂದ ವಾರದಲ್ಲೇ ಅತ್ತೆ ಹೇಳಿಕೊಟ್ಟ ಮೊದಲ ಪಾಠ ಅದು. ಗ್ಯಾಸ್ ಎಲ್ಲಿದೆ, ಸಂಪಿನ ಮೋಟರಿನ ಸ್ವಿಚ್ ಯಾವುದು ಎನ್ನುವುದನ್ನೆಲ್ಲ ಆಮೇಲೆ ತೋರಿಸಿದರು. ಎದೆಯ ಮೇಲಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು, ಎಡ ಅಂಗೈ ಮೇಲಿಟ್ಟುಕೊಂಡು, ಅದರ ಮೇಲೆ ದೃಷ್ಟಿ ನೆಟ್ಟರೆ ಮಾವನಿಗೆ ಮಾತೂ ಇಲ್ಲ, ಸನ್ನೆಯೂ ಇಲ್ಲ. ಪೂಜೆ ಮುಗಿದ ಮೇಲೆ ಏಳುವುದೂ ಇಲ್ಲ. ಪಕ್ಕದಲ್ಲಿ ಮೊದಲೇ ಇಟ್ಟಿರುವ ತಿಂಡಿಯ ತಟ್ಟೆಯನ್ನು ಲಿಂಗಕ್ಕೆ ಅರ್ಪಿಸಿ, ಕೂತ ಮಣೆಯ ಮೇಲೇ ಪ್ರಸಾದವೆಂದು ತಿನ್ನುತ್ತಾರೆ. ಪೂಜೆಗೂ ಪ್ರಸಾದಕ್ಕೂ ನಡುವೆ ಏನೂ ಬರಬಾರದು.

ತಿಪಟೂರು ಕಡೆಯಿಂದ ಬಂದು ಬನಶಂಕರಿಯಲ್ಲಿ ಪಾತ್ರೆ ಅಂಗಡಿ ನಡೆಸಿದವರು ಅವರು. ಅಂಗಡಿ ಇದ್ದ ಕಾಲಕ್ಕೆ ಪೂಜೆ ಬೇಗ ಮುಗಿಯುತ್ತಿತ್ತು, ಏಕೆಂದರೆ ಶಟರ್ ಎತ್ತಬೇಕಿತ್ತು. ಅಂಗಡಿ ಮುಚ್ಚಿ, ಅತ್ತೆಯೂ ತೀರಿಕೊಂಡ ಮೇಲೆ ಪೂಜೆ ಉದ್ದವಾಗುತ್ತಾ ಹೋಯಿತು. ಎತ್ತಬೇಕಾದ ಶಟರೂ ಇಲ್ಲ, 'ಸಾಕು, ತಿಂಡಿ ಆರುತ್ತೆ' ಎಂದು ಒಳಗೆ ಗೊಣಗುವವರೂ ಇಲ್ಲ. ಅವರು ಎಷ್ಟು ಹೊತ್ತು ಕೂತರೂ ನನಗೇನೂ ತಕರಾರಿರಲಿಲ್ಲ. ಆದರೆ ಅವರಿಗೆ ಇನ್ಸುಲಿನ್ ಶುರುವಾಯಿತು.

ಶುರುವಾದ ಮೊದಲ ತಿಂಗಳಲ್ಲೇ ಒಂದು ದಿನ ಅವರು ತಟ್ಟೆ ಮುಟ್ಟದೆ ದೇವರ ಮನೆಯಿಂದ ಎದ್ದು ಬಂದರು. ಗೋಡೆ ಹಿಡಿದುಕೊಂಡು ನಿಂತು ನನ್ನನ್ನು ಅತ್ತೆಯ ಹೆಸರು ಹಿಡಿದು ಕರೆದರು. ನಾನು ಬೆಚ್ಚಿಬಿದ್ದು ಬಾಯಿಗೆ ಸಕ್ಕರೆ ನೀರು ಹಾಕಿದೆ. ಸಂಜೆಯೇ ಪದ್ಮನಾಭನಗರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

"ಇನ್ಸುಲಿನ್ ತಗೊಂಡು ಅರ್ಧ ಗಂಟೆ ಒಳಗೆ ತಿನ್ಲೇಬೇಕು ಅಂಕಲ್," ಎಂದರು ಡಾಕ್ಟರಮ್ಮ. "ಇಲ್ಲಾಂದ್ರೆ ಶುಗರ್ ಇಳಿದು ಪ್ರಜ್ಞೆ ತಪ್ಪುತ್ತೆ. ಯಾರೂ ನೋಡ್ದೇ ಇದ್ರೆ ಜೀವಕ್ಕೇ ಅಪಾಯ. ಪೂಜೆ ಮುಗ್ಸಿ, ಆಮೇಲೆ ಚುಚ್ಚಿಸ್ಕೊಂಡು ತಿನ್ನಿ. ಅಷ್ಟು ಮಾಡಿದ್ರೆ ಸಾಕು."

"ಪೂಜೆಗೂ ಪ್ರಸಾದಕ್ಕೂ ಮಧ್ಯೆ ಸೂಜಿ ಬರಲ್ಲ ಡಾಕ್ಟ್ರೇ," ಎಂದರು ಮಾವ. "ರಕ್ತ ಬರುತ್ತೆ. ಸ್ನಾನಕ್ಕೆ ಮುಂಚೆ ಚುಚ್ಚಿಸ್ಕೋತೀನಿ. ಸ್ನಾನ ಮಾಡಿ ಶುದ್ಧವಾಗಿ ಕೂತ್ಕೋತೀನಿ. ಪೂಜೆ ಬಿಡು ಅಂದ್ರೆ ಮಾತ್ರ ಆಗಲ್ಲ."

ಆಟೋದಲ್ಲಿ ಬರುವಾಗ ನಾನು ಸುಮ್ಮನಿರಲಿಲ್ಲ. "ಲಿಂಗ ಕಟ್ಟಿದವರಿಗೆ ಸೂತಕಾನೇ ಇಲ್ಲ ಅಂತ ನೀವೇ ಹೇಳ್ತೀರಲ್ಲ ಮಾವ? ಹುಟ್ಟಿದ್ರೂ ಇಲ್ಲ, ಸತ್ರೂ ಇಲ್ಲ ಅಂತೀರಿ. ಸೂಜಿಗೆಲ್ಲಿಂದ ಬಂತು?"

"ಅದು ಬೇರೆ, ಇದು ಬೇರೆ," ಎಂದು ಅವರು ರಸ್ತೆಯ ಕಡೆ ನೋಡಿದರು.

ಏನು ಬೇರೆ? ಕೇಳಬೇಕೆಂದು ಇನ್ನೊಂದು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ತಿಂಗಳ ಮೂರು ದಿನವೂ ಈ ಮನೆಯ ಹೆಂಗಸರು ಪೂಜೆ ಮಾಡಿದವರೇ. ನಾನೂ ಮಾಡಿದ್ದೇನೆ. ಆ ರಕ್ತಕ್ಕಿಲ್ಲದ ಮೈಲಿಗೆ ಸೂಜಿ ಮೊನೆಯ ಒಂದು ಹನಿಗೆ ಹೇಗೆ ಬಂತು? ಆದರೆ ಮಾವನೆದುರು ಆ ಮಾತು ಆಡುವುದು ಹೇಗೆ? ನಾನು ಜಗಳಗಂಟಿಯೇ ಸರಿ, ಆದರೆ ಅಷ್ಟು ಬಾಯಿ ನನಗೂ ಇರಲಿಲ್ಲ. ನುಂಗಿಕೊಂಡೆ.

ಮರುದಿನದಿಂದ ನನ್ನ ಕಾವಲು ಶುರುವಾಯಿತು. ಬೆಳಗ್ಗೆ ಅವರ ಹೊಟ್ಟೆಗೆ ಇನ್ಸುಲಿನ್ ಚುಚ್ಚುವುದು, ಅವರು ಸ್ನಾನಕ್ಕೆ ಹೋಗುವುದು, ಬಂದು ವಿಭೂತಿ ಹಚ್ಚಿಕೊಂಡು ಕೂರುವುದು. ನಾನು ದೇವರ ಮನೆಯ ಪರದೆಯ ಹೊರಗೆ ನಿಂತು ಕಿವಿಗೊಡುವುದು. ಕೆಮ್ಮಿದರೆ ಸಮಾಧಾನ, ಕೆಮ್ಮದಿದ್ದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಪರದೆ ಸರಿಸಿ ಇಣುಕಿದರೆ ಅವರ ದೃಷ್ಟಿಗೆ ಭಂಗ, ಸರಿಸದಿದ್ದರೆ ನನ್ನ ಜೀವಕ್ಕೆ ನೆಮ್ಮದಿಯಿಲ್ಲ. ನಮ್ಮನೆಯವರಿಗೇನು, ಏಳಕ್ಕೆಲ್ಲ ಬೈಕ್ ಹತ್ತಿ ಕೆಲಸಕ್ಕೆ ಹೊರಟುಬಿಡುತ್ತಾರೆ. "ಅಪ್ಪನಿಗೆ ಹೇಳಿ ಹೇಳಿ ಸಾಕಾಯ್ತು ಕಣೇ. ನೀನೇ ಏನಾದ್ರೂ ಮಾಡು," ಎಂದು ಹೊಣೆ ನನ್ನ ತಲೆಗೆ ಕಟ್ಟಿದರು.

ಒಂದು ದಿನ ಮಾವನನ್ನೇ ಕೇಳಿದೆ. "ನಾನು ಕರೆಯಲ್ಲ. ಗಂಟೆ ಹೊಡೆದ್ರೆ ಪೂಜೆ ಮುಗಿಸಿ ತಿಂತೀರಾ?"

"ಮನುಷ್ಯರು ಕರೀಬಾರ್ದು. ಯಂತ್ರ ಹೊಡ್ಕೊಂಡ್ರೆ ಅದಕ್ಕೇನು ಮಾಡಕ್ಕಾಗುತ್ತೆ? ಹೊಡೀಲಿ. ಹೊಡೆದ ತಕ್ಷಣ ಮುಗಿಸ್ತೀನಿ. ಮಾತು ಕೊಟ್ಟಿದೀನಿ, ಆಯ್ತಾ?"

ಮೊಬೈಲಿನಲ್ಲಿ ಅಲಾರಂ ಇಟ್ಟೆ. ಹೊಡೆದುಕೊಂಡಿತು, ಅವರು ಅಲುಗಲಿಲ್ಲ. ಅಡುಗೆಮನೆಗೆಂದು ಮಾರುವ ಪುಟ್ಟ ಟೈಮರ್ ತರಿಸಿದೆ. ಅದೂ ಪೀಪೀ ಎಂದು ಬಡಿದುಕೊಂಡಿತು, ಅವರು ಕೂತೇ ಇದ್ದರು. ಬೇಕೆಂದೇ ಕೇಳಿಸಿಕೊಳ್ಳುತ್ತಿಲ್ಲ ಎಂದು ನನಗೆ ರೇಗಿತು. ಆಮೇಲೆ ಊಟಕ್ಕೆ ಕೂತಾಗ ಅವರ ಬೆನ್ನ ಹಿಂದೆಯೇ ಅದನ್ನು ಬಾರಿಸಿ ನೋಡಿದೆ. ಸಾರಿಗೆ ಉಪ್ಪು ಕಮ್ಮಿ ಎಂದರೇ ಹೊರತು ಹಿಂದಿರುಗಿ ನೋಡಲಿಲ್ಲ. ವಯಸ್ಸಾದ ಕಿವಿ ಕೀಚಲು ದನಿಯನ್ನು ಮೊದಲು ಬಿಟ್ಟುಬಿಡುತ್ತದೆ. ರಿಂಗ್ ರೋಡಿನ ಲಾರಿ ಹಾರ್ನು ಅವರಿಗೆ ಚೆನ್ನಾಗಿ ಕೇಳುತ್ತದೆ, ಈ ಪೀಪೀ ಕೇಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಟೈಮರುಗಳೆಲ್ಲ ಪೀಪೀ ಎನ್ನುವಂಥವೇ.

ಸರಿ, ನಾನೇ ಕಟ್ಟುತ್ತೇನೆ ಎಂದುಕೊಂಡೆ. ಮದುವೆಗೆ ಮುಂಚೆ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಒಂದು ಕಾರ್ಖಾನೆಯಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದವಳು. ಸೋಲ್ಡರಿಂಗ್ ಐರನ್ ಅಟ್ಟದ ಮೇಲೆ ಹಳೇ ಕುಕ್ಕರಿನೊಳಗೆ ಇನ್ನೂ ಇತ್ತು. ಕಾಯಿಸಿ ಸೀಸ ಮುಟ್ಟಿಸಿದಾಗ ಬಂದ ಆ ಹೊಗೆಯ ವಾಸನೆಗೆ ನನಗೆ ಎಷ್ಟು ಖುಷಿಯಾಯಿತೆಂದರೆ, ಯಾತಕ್ಕಾಗಿ ಮಾಡುತ್ತಿದ್ದೇನೆ ಎನ್ನುವುದೇ ಒಂದು ಕ್ಷಣ ಮರೆತುಹೋಯಿತು. ಮೆಟ್ರೊ ಹಿಡಿದು ಪೇಟೆಗೆ ಹೋಗಿ ಬೇಕಾದ ಸಾಮಾನೆಲ್ಲ ತಂದುಕೊಂಡಿದ್ದೆ.

ಮೊದಲು ಕಟ್ಟಿದ್ದು ತೀರಾ ಸರಳವಾದದ್ದು. ಐಸಿ ಎನ್ನುವ ಒಂದು ಪುಟ್ಟ ಚಿಪ್, ಒಂದು ದೊಡ್ಡ ಕೆಪಾಸಿಟರ್. ಕೆಪಾಸಿಟರ್ ಅಂದರೆ ಕರೆಂಟು ತುಂಬಿಕೊಳ್ಳುವ ಪುಟ್ಟ ತೊಟ್ಟಿ. ಅದು ನಿಧಾನವಾಗಿ ತುಂಬುತ್ತದೆ, ತುಂಬಿದಾಗ ಐಸಿ ಗಂಟೆ ಹೊಡೆಸುತ್ತದೆ. ಎಷ್ಟು ಹೊತ್ತಿಗೆ ತುಂಬಬೇಕು ಎನ್ನುವುದನ್ನು ರೇಡಿಯೋದ ವಾಲ್ಯೂಮಿನಂಥ ಒಂದು ನಾಬ್ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಕಾಗದದ ಮೇಲೆ ಲೆಕ್ಕ ಸರಿಯಾಗೇ ಇತ್ತು. ಆದರೆ ಅಡುಗೆಮನೆ ಕಟ್ಟೆಯ ಮೇಲಿಟ್ಟು ನೋಡಿದರೆ ಒಂದು ಸಲ ಹೇಳಿದ ಹೊತ್ತಿಗೆ ಹೊಡೆಯಿತು, ಇನ್ನೊಂದು ಸಲ ಬಹಳ ತಡವಾಗಿ ಹೊಡೆಯಿತು. ದೊಡ್ಡ ತೊಟ್ಟಿ ಸ್ವಲ್ಪ ಸೋರುತ್ತದೆ. ಎಷ್ಟು ಸೋರುತ್ತದೆ ಎಂದು ಹೇಳಲಾಗದು. ಬೇಳೆ ಬೇಯಿಸುವುದಕ್ಕಾದರೆ ನಡೆದೀತು, ಮಾವನ ಜೀವವನ್ನು ಇದರ ಕೈಗೆ ಕೊಡುವುದು ಹೇಗೆ? ಎಲ್ಲ ಬಿಚ್ಚಿದೆ.

ಎರಡನೆಯದಕ್ಕೆ ಬೇರೆ ಜಾತಿಯ ಐಸಿ ಹಾಕಿದೆ. ಅದು ದೊಡ್ಡ ತೊಟ್ಟಿಯನ್ನು ನಂಬುವುದಿಲ್ಲ. ಚಿಕ್ಕ ಚಿಕ್ಕ ಮಿಡಿತಗಳನ್ನು ತಾನೇ ಎಣಿಸುತ್ತಾ ಹೋಗಿ, ಎಣಿಕೆ ಮುಗಿದಾಗ ಹೊಡೆಸುತ್ತದೆ. ನಾಬ್ ತಿರುಗಿಸಿದರೆ ಮಿಡಿತ ಜೋರಾಗುತ್ತದೆ ಇಲ್ಲವೇ ನಿಧಾನವಾಗುತ್ತದೆ. ಎಣಿಸುತ್ತಿದೆ ಎಂದು ತಿಳಿಯಲು ಒಂದು ಕೆಂಪು ದೀಪ ಮಿಣುಕುತ್ತಿರುವಂತೆ ಮಾಡಿದೆ. ಪೀಪೀ ಬದಲು ಹಳೇ ರೇಡಿಯೋದ ಸ್ಪೀಕರ್ ಹಾಕಿ ದನಿಯನ್ನು ದಪ್ಪ ಮಾಡುತ್ತಾ ಹೋದೆ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಮಾವ ಒಂದು ಹಂತದಲ್ಲಿ ತಲೆಯೆತ್ತಿದರು.

"ಏನಮ್ಮ ಅದು? ಎಮ್ಮೆ ಕೂಗ್ದಂಗಾಯ್ತು."

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಹಳೇ ಟಿಫನ್ ಡಬ್ಬಿಯೊಳಗೆ ಎಲ್ಲ ಕೂರಿಸಿ, ನಾಬಿನ ಪಕ್ಕ ಅರ್ಧ ಗಂಟೆಗೆ ಸ್ವಲ್ಪ ಕಮ್ಮಿ ಬರುವ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದು, ದೇವರ ಮನೆಯಲ್ಲಿ ಅವರ ಬಲಗೈ ಪಕ್ಕ, ವಿಭೂತಿ ಬಟ್ಟಲಿನ ಹತ್ತಿರ ಇಟ್ಟೆ.

"ದೇವರ ಮನೇಲಿ ಎಮ್ಮೆ ಕಟ್ಟಿದ ಮೊದಲ್ನೇ ಸೊಸೆ ನೀನೇ ಇರ್ಬೇಕು," ಎಂದರು ಮಾವ. "ಹಾಲು ಕರೆಯುತ್ತೋ ಹೆಂಗೆ?"

ಬೆಳಗ್ಗೆ ಇನ್ಸುಲಿನ್ ಚುಚ್ಚಿದ ಕೂಡಲೇ ನಾನು ಹೋಗಿ ಅದರ ಸ್ವಿಚ್ ಹಾಕುತ್ತಿದ್ದೆ. ಅವರ ಸ್ನಾನ, ವಿಭೂತಿ, ಪೂಜೆ ಎಲ್ಲ ಆ ಲೆಕ್ಕದೊಳಗೇ ಆಗಬೇಕು. ಎಮ್ಮೆ ಕೂಗಿದರೆ ಅವರು ಬಲಗೈಯಿಂದ ಸ್ವಿಚ್ ಆರಿಸಿ ತಟ್ಟೆ ಎಳೆದುಕೊಳ್ಳುತ್ತಿದ್ದರು. ಕೊಟ್ಟ ಮಾತು ತಪ್ಪಲಿಲ್ಲ. ಆದರೂ ನನ್ನ ಕಾವಲು ತಪ್ಪಲಿಲ್ಲ. ಕಟ್ಟಿದವಳಿಗೆ ಅದರ ಒಳಗೆ ಏನೇನು ಕೆಡಬಹುದು ಎನ್ನುವುದೆಲ್ಲ ಗೊತ್ತಿರುತ್ತದಲ್ಲ! ಬೆಸುಗೆ ಬಿಟ್ಟರೆ? ಬ್ಯಾಟರಿ ಸತ್ತರೆ? ಐಸಿ ಎಣಿಕೆ ತಪ್ಪಿದರೆ? ಪರದೆಯ ಹೊರಗೆ ನಿಂತು ಮೊದಲು ಒಂದು ಜೀವಕ್ಕೆ ಹೆದರುತ್ತಿದ್ದೆ, ಈಗ ಆ ಡಬ್ಬಿಗೂ ಸೇರಿಸಿ ಹೆದರತೊಡಗಿದೆ.

ಅಷ್ಟರಲ್ಲಿ ಅದು ಬೇಗ ಕೂಗಲು ಶುರು ಮಾಡಿತು. ಒಂದು ದಿನ ಸ್ವಲ್ಪ ಬೇಗ, ಮರುದಿನ ಇನ್ನೂ ಬೇಗ. ಮಾವ ಪೂಜೆಗೆ ಕೂತು ನಾನು ನಿಲ್ಲುವಷ್ಟರಲ್ಲೇ ಕೂಗು. ಗಾಬರಿಯಾಗಿ ಡಬ್ಬಿಯನ್ನು ಅಡುಗೆಮನೆಗೆ ತಂದು ಗಡಿಯಾರ ಇಟ್ಟು ನೋಡಿದರೆ ಎಲ್ಲ ಸರಿ. ನಾಬ್ ಪೆನ್ಸಿಲ್ ಗೆರೆಯ ಮೇಲೇ ಇದೆ, ಹೊಡೆಯುವುದೂ ಸರಿಯಾದ ಹೊತ್ತಿಗೇ. ದೇವರ ಮನೆಯಲ್ಲಿಟ್ಟರೆ ಮತ್ತೆ ಬೇಗ. ನನ್ನೆದುರು ಒಂದು, ಹಿಂದೆ ಒಂದು ಮಾಡುವ ಯಂತ್ರವನ್ನು ನಾನು ಕಾರ್ಖಾನೆಯಲ್ಲೂ ನೋಡಿರಲಿಲ್ಲ. ಎಷ್ಟು ಬಿಚ್ಚಿ ನೋಡಿದರೂ ಕಾರಣ ಸಿಗದೆ, ಕೊನೆಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ತಡವಾದರೆ ತಾನೇ ಅಪಾಯ? ಬೇಗ ಹೊಡೆದರೆ ಬೇಗ ತಿನ್ನುತ್ತಾರೆ, ಒಳ್ಳೆಯದೇ ಆಯಿತು. ಹೀಗೆ ಅಂದುಕೊಂಡದ್ದೇ, ಎಷ್ಟೋ ತಿಂಗಳುಗಳಿಂದ ಬಿಗಿದಿದ್ದ ಹೆಗಲು ಸ್ವಲ್ಪ ಸಡಿಲವಾಯಿತು. ಒಂದು ಬೆಳಗ್ಗೆ ಪರದೆಯ ಹತ್ತಿರ ನಿಲ್ಲದೆ ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ತಾರಸಿಗೆ ಹೋದೆ.

ಬಿಸಿಲು ಚೆನ್ನಾಗಿತ್ತು. ಪಕ್ಕದ ತಾರಸಿಯ ಆಂಟಿ ನೀರಿನ ಟ್ಯಾಂಕರ್ ಬರದ ಕಥೆ ಹೇಳಿದರು, ನಾನೂ ನನ್ನದು ಹೇಳಿದೆ. ಬೆಡ್‌ಶೀಟ್ ಹಿಂಡಿ ಹರವಿದೆ. ಕೊನೆಯ ಕ್ಲಿಪ್ ಸಿಕ್ಕಿಸುವಾಗ ಏನೋ ಕೇಳಿಸಬೇಕಿತ್ತು, ಕೇಳಿಸಲಿಲ್ಲವಲ್ಲ ಅನ್ನಿಸಿತು. ಎಮ್ಮೆಯ ಕೂಗು ತಾರಸಿಗೂ ಕೇಳುತ್ತದೆ. ಮಾತಿನ ಭರದಲ್ಲಿ ನನಗೆ ಕೇಳಿಸಲಿಲ್ಲವೋ, ಅದು ಕೂಗಲೇ ಇಲ್ಲವೋ? ಮೊದಲು ಹರವಿದ ರವಿಕೆ ಮುಟ್ಟಿ ನೋಡಿದೆ. ಒಣಗಿತ್ತು.

ಮೆಟ್ಟಿಲನ್ನು ಹೇಗಿಳಿದೆನೋ ಗೊತ್ತಿಲ್ಲ. ಪರದೆ ಸರಿಸಿದೆ. ಮಾವ ಮಣೆಯ ಮೇಲೆ ನೆಟ್ಟಗೇ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಎದೆ, ಹೊದ್ದ ಶಾಲು ಎಲ್ಲ ಒದ್ದೆ. ಎಡ ಅಂಗೈಯಲ್ಲಿ ಲಿಂಗ, ಆ ಕೈ ಗಡಗಡ ನಡುಗುತ್ತಿತ್ತು. ಬೀಳದಿರಲೆಂದು ಬಲಗೈಯಿಂದ ಎಡ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಕೈಯಿಂದ ಲಿಂಗ ಬೀಳುವುದು ಅವರ ಮಟ್ಟಿಗೆ ಪ್ರಾಣ ಹೋಗುವುದಕ್ಕಿಂತ ದೊಡ್ಡದು. ತಟ್ಟೆಯಲ್ಲಿದ್ದ ಇಡ್ಲಿ ಹಾಗೇ ಇತ್ತು. ಡಬ್ಬಿಯ ಕೆಂಪು ದೀಪ ಮಿಣುಕುತ್ತಿರಲಿಲ್ಲ.

"ಮಾವ!"

ಕರೆದೆ. ಈ ಮನೆಯಲ್ಲಿ ಪೂಜೆಯ ಹೊತ್ತಿನಲ್ಲಿ ಅವರನ್ನು ಕರೆದದ್ದು ಅದೇ ಮೊದಲು. ಅವರು ನನ್ನ ಕಡೆ ನೋಡಿದರು, ಆದರೆ ಗುರುತು ಹಿಡಿದ ನೋಟವಲ್ಲ ಅದು. ನಾನು ಪಕ್ಕದಲ್ಲಿ ಕುಕ್ಕರಿಸಿ ನನ್ನ ಎಡಗೈಯನ್ನು ಅವರ ಅಂಗೈಯ ಕೆಳಗೆ ಒಡ್ಡಿದೆ. ಬಲಗೈಯಿಂದ ಪೂಜೆಗೆಂದು ಇಟ್ಟಿದ್ದ ಜೇನಿನ ಬಟ್ಟಲು ಎತ್ತಿ ಒಂದು ಬೆರಳು ಜೇನು ತುಟಿಗೆ ಹಿಡಿದರೆ ಬಾಯಿ ಬಿಗಿದುಕೊಂಡರು. ಪೂಜೆ ಮುಗಿಯದೆ ನೀರೂ ಮುಟ್ಟದ ಬಾಯಿ ಅದು, ಎಚ್ಚರ ತಪ್ಪುತ್ತಿದ್ದರೂ ಅಭ್ಯಾಸ ತಪ್ಪಿರಲಿಲ್ಲ.

"ಪ್ರಸಾದ ಮಾವ," ಎಂದೆ. "ಪೂಜೆ ಆಯ್ತು. ಪ್ರಸಾದ ತಗೊಳ್ಳಿ."

ಬಾಯಿ ತೆರೆದರು. ಜೇನನ್ನು ಒಸಡಿಗೆ ಸವರಿದೆ, ಮತ್ತೆ ಸವರಿದೆ. ಅವರ ಕೈ ನನ್ನ ಕೈ ಮೇಲೆ ನಡುಗುತ್ತಲೇ ಇತ್ತು. ಶಿವನೇ, ಇವರನ್ನು ಉಳಿಸು, ಇವರ ಲಿಂಗವನ್ನೂ ಬೀಳಿಸಬೇಡ ಎಂದು ನಾನು ಎರಡೆರಡು ಬೇಡಿಕೊಳ್ಳುತ್ತಿದ್ದೆ. ಎಷ್ಟು ಹೊತ್ತು ಹಾಗೇ ಕೂತೆವೋ. ನಡುಕ ನಿಧಾನವಾಗಿ ಇಳಿಯಿತು. ಅವರು ಉಗುಳು ನುಂಗಿ, ತಾವೇ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯೊಳಗೆ ಇಟ್ಟುಕೊಂಡರು. ಆಮೇಲೆ ಇಡ್ಲಿ ಮುರಿದರು.

"ನಿನ್ನ ಎಮ್ಮೆ ಕೂಗ್ಲಿಲ್ಲವಲ್ಲಮ್ಮ," ಎಂದರು.

"ಮೈ ಬೆವರಿದ್ದು ಗೊತ್ತಾಗ್ಲಿಲ್ವಾ ಮಾವ ನಿಮಗೆ?"

"ಗೊತ್ತಾಯ್ತು. ಹೊತ್ತಾಯ್ತು ಅಂತಾನೂ ಅನ್ನಿಸ್ತು. ಆದ್ರೆ ಅದು ಕೂಗೋವರೆಗೂ ಹೊತ್ತಾಗಿಲ್ಲ ಅಂದ್ಕೊಂಡೆ. ನೀನು ಕಟ್ಟಿರೋದು ತಪ್ಪುತ್ತಾ?"

ನಾನು ಅಡುಗೆಮನೆಗೆ ಹೋಗಿ ಸಿಂಕಿನ ಮುಂದೆ ನಿಂತು ಅತ್ತುಬಿಟ್ಟೆ. ಮೊದಲಾದರೆ ಹೊಟ್ಟೆ ಹಸಿದಾಗ, ಮೈ ಬೆವರಿದಾಗ ಅವರಿಗೇ ತಿಳಿಯುತ್ತಿತ್ತು. ಆ ತಿಳಿವನ್ನೂ ನನ್ನ ಡಬ್ಬಿಯ ಮೇಲೆ ಹಾಕಿ ಕೂತಿದ್ದರಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿ, ಅವರು ಹೇಳಿದಂತೆ ಬೆರಳು ಚುಚ್ಚಿ ಶುಗರ್ ನೋಡಿ, ಏರಿದೆ ಎಂದು ಖಾತ್ರಿಯಾದ ಮೇಲೆ ಡಬ್ಬಿ ಬಿಚ್ಚಿದೆ. ಬ್ಯಾಟರಿ ಸರಿಯಿತ್ತು, ಬೆಸುಗೆ ಸರಿಯಿತ್ತು. ನಾಬ್ ಎಳೆದು ತೆಗೆದಾಗ ಅದರ ಸಂದಿನಿಂದ ಬಿಳೀ ಪುಡಿ ಉದುರಿತು. ಒಳಗಿನ ಪಟ್ಟಿಯ ಮೇಲೂ ಅದೇ, ಒದ್ದೆಯಾಗಿ ಮತ್ತೆ ಒಣಗಿ ಸುಣ್ಣದ ಹಾಗೆ ಕಚ್ಚಿಕೊಂಡಿತ್ತು. ವಿಭೂತಿ. ನಾಬಿನ ಜೊತೆ ತಿರುಗುವ ಮುಳ್ಳು ಆ ಪಟ್ಟಿಯನ್ನು ಮುಟ್ಟಲಾಗದೆ ಮಿಡಿತ ನಿಂತುಹೋಗಿತ್ತು. ಮಿಡಿತವೇ ಇಲ್ಲದಿದ್ದರೆ ಐಸಿ ಏನನ್ನು ಎಣಿಸಬೇಕು?

ಆದರೆ ಬಟ್ಟಲಿನಿಂದ ಹಾರಿದ ಪುಡಿ ಇಷ್ಟು ಒಳಗೆ ಹೋಗುವುದಿಲ್ಲ. ವಿಭೂತಿ ಹಚ್ಚಿದ ಒದ್ದೆ ಬೆರಳು ದಿನಾ ತಿರುಗಿಸಿದ್ದರೆ ಮಾತ್ರ ಹೋಗುತ್ತದೆ. ನನಗೆ ಮೈಯೆಲ್ಲ ಉರಿಯಿತು. ಡಬ್ಬಿ ಹಿಡಿದು ಹಾಲ್‌ನಲ್ಲಿದ್ದ ಮಾವನ ಹತ್ತಿರ ಹೋದೆ.

"ನಾಬ್ ತಿರುಗಿಸ್ತಿದ್ರಾ ಮಾವ? ಪೂಜೆ ಉದ್ದ ಮಾಡ್ಕೊಳ್ಳೋಕೆ?"

"ಉದ್ದ ಅಲ್ಲಮ್ಮ," ಎಂದರು ಅವರು, ಸಿಕ್ಕಿಬಿದ್ದವರ ಹಾಗೆ ನೆಲ ನೋಡುತ್ತಾ. "ಗಿಡ್ಡ ಮಾಡ್ತಿದ್ದೆ. ಪರದೆ ಕೆಳಗೆ ನಿನ್ನ ಕಾಲು ಕಾಣುತ್ತೆ. ಒಲೆ ಮೇಲೆ ಕೆಲಸ ಬಿಟ್ಟು, ಈ ಕಾಲ ಮೇಲಿಂದ ಆ ಕಾಲ ಮೇಲೆ ಭಾರ ಹಾಕ್ಕೊಂಡು ನಿಂತಿರ್ತೀಯ. ಲಿಂಗದ ಮೇಲೆ ಇರ್ಬೇಕಾದ ದೃಷ್ಟಿ ದಿನಾ ಅಲ್ಲಿಗೇ ಹೋಗ್ತಿತ್ತು. ಬೇಗ ಮುಗಿಸಿದ್ರೆ ನೀನು ಕೂತ್ಕೋತೀಯ ಅಂತ ತಿರುಗಿಸ್ತಿದ್ದೆ. ನಿನಗೆ ಗೊತ್ತಾಗ್ದಂಗೆ ಮತ್ತೆ ಗೆರೆಗೆ ತಂದಿಡ್ತಿದ್ದೆ."

ಅವರಿಗಾಗಿ ನಾನು ನಿಂತೆ, ನನಗಾಗಿ ಅವರು ತಿರುಗಿಸಿದರು. ಇಬ್ಬರ ಕಾಳಜಿಯೂ ಸೇರಿ ಅವರನ್ನು ಇನ್ನೇನು ಕೊಂದೇಬಿಡುತ್ತಿತ್ತು.

ಅವತ್ತು ಸಂಜೆಯೆಲ್ಲ ನಾಬ್ ತೊಳೆದು ಒಣಗಿಸುತ್ತಾ ಕೂತೆ. ಪ್ಲಾಸ್ಟಿಕ್ ಹೊದಿಸಬೇಕು, ನಾಬನ್ನೇ ತೆಗೆದು ಒಳಗಿಡಬೇಕು ಎಂದು ಏನೇನೋ ಯೋಚಿಸಿದೆ. ಮಾವ ಎದುರಿನ ಕುರ್ಚಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

"ನಿಮ್ಮತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ತಿಂಗಳಿಗೆ ಮೂರು ದಿನ ದೂರ ಕೂರ್ತಿದ್ಲು," ಎಂದರು ಇದ್ದಕ್ಕಿದ್ದಂತೆ. ನಾನು ತಲೆಯೆತ್ತಲಿಲ್ಲ. "ಅವರ ತೌರಲ್ಲಿ ಹಂಗೇ ರೂಢಿ ಬಿದ್ದಿತ್ತು. ನಾನೇ ಬೈದೆ. ಲಿಂಗ ಮೈಮೇಲಿರೋವಾಗ ರಕ್ತಕ್ಕೆಂಥ ಮೈಲಿಗೆ, ಬಾ, ಕೂತ್ಕೋ ಪೂಜೆಗೆ ಅಂದೆ. ಅತ್ತುಬಿಟ್ಲು. ಆದ್ರೂ ಬಂದು ಕೂತ್ಲು." ಎದೆಯ ಮೇಲಿನ ಕರಡಿಗೆ ಮುಟ್ಟಿಕೊಂಡರು. "ಇನ್ನೊಬ್ರಿಗೆ ಹೇಳಿದ್ದು ನನ್ನ ಸರದಿ ಬಂದಾಗ ಮರೆತೇಹೋಯ್ತು ನೋಡು."

ಆಟೋದಲ್ಲಿ ನುಂಗಿಕೊಂಡ ಮಾತು ಅವರ ಬಾಯಿಂದಲೇ ಬಂದಿತ್ತು.

ಮರುದಿನ ಬೆಳಗ್ಗೆ ನಾನು ಇನ್ಸುಲಿನ್ ತೆಗೆದುಕೊಂಡು ಹೋಗುವಷ್ಟರಲ್ಲಿ ಅವರಾಗಲೇ ಬಚ್ಚಲಿಗೆ ಹೋಗಿದ್ದರು. ಸ್ನಾನ ಮುಗಿಸಿ ನನ್ನ ಮುಂದೆಯೇ ಹಾದು ದೇವರ ಮನೆಗೆ ಹೋಗಿ ಕೂತರು. ಸೂಜಿ ಕೈಯಲ್ಲಿ ಹಿಡಿದು ನಾನು ಪರದೆಯ ಹೊರಗೆ, ದಿನಾ ನಿಲ್ಲುವ ಜಾಗದಲ್ಲೇ ನಿಂತೆ. ಒಳಗೆ ವಿಭೂತಿಯಾಯಿತು, ಪತ್ರೆಯಾಯಿತು. ಆಮೇಲೆ ಸದ್ದಿಲ್ಲ. ಇವತ್ತು ಹೊಟ್ಟೆಯಲ್ಲಿ ಇನ್ಸುಲಿನ್ ಇಲ್ಲ, ಹೆದರುವಂಥದ್ದು ಏನೂ ಇಲ್ಲ ಎಂದು ಎಷ್ಟು ಹೇಳಿಕೊಂಡರೂ ನನ್ನ ಎದೆ ಕೇಳಲಿಲ್ಲ.

"ಬಾಮ್ಮ ಒಳಗೆ," ಎಂದರು ಮಾವ.

ಪರದೆ ಸರಿಸಿದೆ. ಅಂಗೈಯಲ್ಲಿ ಲಿಂಗ ಇನ್ನೂ ಇತ್ತು, ಕಣ್ಣೂ ಅದರ ಮೇಲೇ ಇತ್ತು. ಬಲಗೈಯಿಂದ ಶಾಲು ಸರಿಸಿ ಹೊಟ್ಟೆ ತೋರಿಸಿದರು.

"ಚುಚ್ಚು. ಆಮೇಲೆ ಇಲ್ಲೇ ಕೂತ್ಕೋ. ಇನ್ನು ಹೊರಗೆ ನಿಲ್ಬೇಡ."

ಮಂಡಿಯೂರಿ ಚುಚ್ಚಿದೆ. ಸೂಜಿ ತೆಗೆದಾಗ ಸಾಸಿವೆ ಕಾಳಿನಷ್ಟು ರಕ್ತ ಬಂತು. ಹತ್ತಿ ಒತ್ತಿ ಹಿಡಿದೆ. ಅವರ ಅಂಗೈ ಅಲುಗಲಿಲ್ಲ.